ಹುಲಿಗಂಜಿಯ ಗಡಿಕಲ್ಲು



ಚಳಿ ಬಿದ್ದ ಮೇಲೆ ನಮ್ಮ ಘಟ್ಟದ ಕಾಡಂಚಿನಲ್ಲಿ ಒಂದು ಮುಳ್ಳುಗಿಡ ಹೂ ಬಿಡುತ್ತದೆ. ಪೊದೆಯಂತೆ ಎದ್ದು, ಪಕ್ಕದ ಮರ ಸಿಕ್ಕರೆ ಬಳ್ಳಿಯಂತೆ ಹತ್ತುತ್ತದೆ. ಕೊಂಬೆಯ ಉದ್ದಕ್ಕೂ ಕೆಳಮುಖವಾಗಿ ಬಾಗಿದ ಮುಳ್ಳುಗಳು. ಎಲೆ ಎರಡು ಸಲ ಕವಲೊಡೆದು ಸಣ್ಣ ಸಣ್ಣ ಕಿರುಎಲೆಗಳಾಗಿ ಹರಡಿರುತ್ತದೆ. ಹೂಗಳಿಗೆ ತೊಟ್ಟಿಲ್ಲ, ಉದ್ದನೆಯ ದಿಂಡಿಗೆ ಜೋಳದ ತೆನೆಗೆ ಕಾಳು ಅಂಟಿಕೊಂಡಂತೆ ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಹೊರಗಿನ ಪುಷ್ಪಪಾತ್ರೆ ಕಡುಕೆಂಪು, ಒಳಗಿನ ಎಸಳು ಕಿತ್ತಳೆ ಬಣ್ಣ. ಕಾಯಿ ಬಲಿತಾಗ ಬೀಜ ಬೀಜದ ನಡುವೆ ಸೊಂಟ ಹಿಡಿದಂತೆ ಕಿರಿದಾಗುತ್ತದೆ. ಕನ್ನಡದಲ್ಲಿ ಇದು ಹುಲಿಗಂಜಿ. ಹೆಸರಿನ ದನಿ ಹತ್ತಿರವಿದೆಯೆಂದು ಗುಲಗಂಜಿಯ ಜೊತೆ ಸೇರಿಸಬಾರದು. ಅದು ಬೇರೆಯೇ ಬಳ್ಳಿ. ಈ ಹುಲಿಗಂಜಿಯ ಶಾಸ್ತ್ರೀಯ ಹೆಸರು ಕಳೆದ ಎರಡು ಶತಮಾನಗಳಲ್ಲಿ ಬದಲಾಗಿದೆ, ಅದರ ಬಂಧುಬಳಗದ ಪಟ್ಟಿಯೂ ಬದಲಾಗಿದೆ. ಹೀಗೆ ಮತ್ತೆ ಮತ್ತೆ ಬದಲಾಗುವ ವರ್ಗೀಕರಣವನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜ. ಇವತ್ತು ನಾನು ಮಂಡಿಸುವ ವಾದ ಆ ಪ್ರಶ್ನೆಗೆ ಉತ್ತರ. ಜಮೀನಿನ ಉತಾರದಲ್ಲಿ ಮಾಲೀಕರ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತದೆ, ಗಡಿಕಲ್ಲು ಮಾತ್ರ ಹೂತ ಜಾಗದಲ್ಲೇ ಇರುತ್ತದೆ. ಸಸ್ಯಶಾಸ್ತ್ರದಲ್ಲಿಯೂ ಅಂಥ ಗಡಿಕಲ್ಲು ಇದೆ. ಒಂದು ಗಿಡವನ್ನು ಹೊಸ ಪ್ರಭೇದವೆಂದು ಘೋಷಿಸುವುದೆಂದರೆ ಬರೀ ಹೆಸರಿಡುವುದಲ್ಲ, ಮುಂದಿನವರು ಪರೀಕ್ಷಿಸಬಹುದಾದ ಗಡಿಕಲ್ಲನ್ನು ನೆಡುವುದು. ಕಲ್ಲು ಗಟ್ಟಿಯಾಗಿದ್ದರೆ ಹೆಸರು ಎಷ್ಟು ಸಲ ಬದಲಾದರೂ ಜ್ಞಾನ ಕಳೆದುಹೋಗುವುದಿಲ್ಲ.

ಈ ಮಾತನ್ನು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳಲ್ಲಿ ಹೇಳುವುದಕ್ಕೆ ಕಾರಣವಿದೆ. ಜೋಯಿಡಾದ ಅಣಶಿ ಘಟ್ಟದಲ್ಲಿ ಮಳೆಕಾಡು. ದಾಂಡೇಲಿ, ಹಳಿಯಾಳದಲ್ಲಿ ತೇಗ, ಬಿದಿರು, ಎಲೆ ಉದುರುವ ಕಾಡು. ಮುಂಡಗೋಡ ದಾಟಿ ಪೂರ್ವಕ್ಕೆ ನಡೆದರೆ ಬಯಲುಸೀಮೆಯ ಒಣನೆಲ. ಒಂದು ದಿನದ ದಾರಿಯಲ್ಲಿ ಮಳೆ, ಮಣ್ಣು, ಕಾಡು ಮೂರೂ ಬದಲಾಗುತ್ತವೆ. ಈ ದಾರಿಯ ಉದ್ದಕ್ಕೂ ಜೊತೆ ಬಿಡದೆ ಬರುವ ಸಸ್ಯಕುಟುಂಬಗಳಲ್ಲಿ ಮುಖ್ಯವಾದದ್ದು ನಮ್ಮ ಅವರೆ, ತೊಗರಿ, ಹೆಸರುಕಾಳುಗಳ ಕುಟುಂಬ, ಅಂದರೆ ದ್ವಿದಳ ಧಾನ್ಯಗಳ ಕುಟುಂಬ. ಕಾಡಿನ ಜಂಬೆ, ಹೊನ್ನೆ, ಬೀಟೆ, ಮುತ್ತುಗ, ಕಕ್ಕೆ, ಸೀಗೆ, ನಸುಗುನ್ನಿ ಎಲ್ಲವೂ ಇದೇ ಮನೆಯವು. ಒಣನೆಲದ ತಂಗಡಿ, ಜಾಲಿ, ಬನ್ನಿ ಕೂಡ. ಸೇವಂತಿಗೆಯ ಕುಟುಂಬ, ಸೀತಾಳಿಯ ಕುಟುಂಬ ಬಿಟ್ಟರೆ ಹೂಬಿಡುವ ಸಸ್ಯಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬವಿಲ್ಲ. ಜಗತ್ತಿನಲ್ಲಿ ಸುಮಾರು 19,500 ಪ್ರಭೇದಗಳು. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದನ್ನು ಆರು ಉಪಕುಟುಂಬಗಳಾಗಿ ಮರುವಿಂಗಡಿಸಿದರು. ನಮ್ಮ ದೇಶದ ದ್ವಿದಳ ಸಸ್ಯಗಳನ್ನು ಒಂದೆಡೆ ಪಟ್ಟಿ ಮಾಡಿದ ಎಂ. ಸಂಜಪ್ಪ ಅವರ ಗ್ರಂಥ 1992ರಲ್ಲಿ ಬಂತು. ಇಷ್ಟು ದೊಡ್ಡ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವುದು ಸುಲಭದ ಕೆಲಸವಲ್ಲ.

ಹಾಗಾದರೆ ಹೊಸ ಪ್ರಭೇದವನ್ನು ಸಾಬೀತು ಮಾಡುವುದು ಹೇಗೆ? ಒಣಭೂಮಿಯಲ್ಲಿ ಒಂದು ಪೊದೆ ಕಂಡಿತು, ಯಾವ ಪುಸ್ತಕದ ವಿವರಣೆಗೂ ಹೊಂದಲಿಲ್ಲ ಎಂದಿಟ್ಟುಕೊಳ್ಳೋಣ. ಹೊಂದದಿರುವುದಕ್ಕೆ ಹತ್ತು ಕಾರಣಗಳಿರಬಹುದು. ಒಣನೆಲದ ಪೊದೆ ಮಳೆ ಬಂದಾಗ ಒಂದು ರೂಪ, ಬೇಸಿಗೆಯಲ್ಲಿ ಎಲೆ ಕಳಚಿದಾಗ ಇನ್ನೊಂದು ರೂಪ. ಮೇಕೆ ಮೇದ ಗಿಡ ಕುಳ್ಳಾಗಿ, ಒತ್ತಾಗಿ ಬೆಳೆಯುತ್ತದೆ. ಅದೇ ಗಿಡ ಬೇಲಿಯೊಳಗೆ ಆಳೆತ್ತರ ಏಳುತ್ತದೆ. ಎರಡು ಪ್ರಭೇದಗಳ ಬೆರಕೆಯಾಗಿರಬಹುದು. ಬೇರೆ ದೇಶದಿಂದ ಬಂದು ಇಲ್ಲಿ ನೆಲೆನಿಂತದ್ದಿರಬಹುದು. ಇದಕ್ಕೆ ನಮ್ಮ ಮುಂದೆಯೇ ಒಂದು ಉದಾಹರಣೆ ಇದೆ. ಈ ಜಿಲ್ಲೆಯ ನರ್ಸರಿಗಳಲ್ಲಿ ಬೆಳೆಸುವ ಅಕೇಶಿಯ ಸಸಿಯನ್ನು ನೋಡಿ. ಮೊಳಕೆಯೊಡೆದ ಹೊಸದರಲ್ಲಿ ಅದಕ್ಕೆ ಜಾಲಿಯಂತೆ ಗರಿಗರಿಯಾದ ಎಲೆ. ಕೆಲವೇ ವಾರಗಳಲ್ಲಿ ಎಲೆಯ ತೊಟ್ಟು ಅಗಲವಾಗುತ್ತ, ತುದಿಯ ಗರಿ ಕಿರಿದಾಗುತ್ತ ಹೋಗಿ, ಕೊನೆಗೆ ಗರಿಯೇ ಇಲ್ಲದೆ ಕುಡುಗೋಲಿನಂತೆ ಬಾಗಿದ ಹಸಿರು ತೊಟ್ಟು ಮಾತ್ರ ಉಳಿಯುತ್ತದೆ. ದೊಡ್ಡ ಮರದಲ್ಲಿ ನಾವು ಎಲೆ ಎಂದು ಕರೆಯುವುದು ಆ ತೊಟ್ಟನ್ನೇ. ಒಂದೇ ಸಸಿಯ ಮೇಲೆ ಮೂರೂ ಹಂತಗಳನ್ನು ಬೆರಳಿಟ್ಟು ತೋರಿಸಬಹುದು. ಎಳೆಸಸಿಯ ಎಲೆ ಒಂದನ್ನು, ಬಲಿತ ಮರದ ಎಲೆ ಒಂದನ್ನು ಬೇರೆ ಬೇರೆ ಕಾಗದದ ಮೇಲೆ ಅಂಟಿಸಿ ಕೊಟ್ಟರೆ ಇವು ಎರಡು ಗಿಡಗಳೆಂದು ಯಾರಾದರೂ ಹೇಳಿಯಾರು. ಆದ್ದರಿಂದ ವ್ಯತ್ಯಾಸ ಕಂಡಿತು ಎನ್ನುವುದು ವಾದದ ಆರಂಭ ಮಾತ್ರ. ಆ ವ್ಯತ್ಯಾಸ ಬೇರೆ ಬೇರೆ ಗಿಡಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ಉಳಿಯುತ್ತದೆಯೇ, ಒಂದು ಲಕ್ಷಣದ ಜೊತೆ ಇನ್ನೊಂದು ಲಕ್ಷಣವೂ ಸೇರಿ ಬರುತ್ತದೆಯೇ ಎಂದು ತೋರಿಸಿದಾಗ ವಾದ ನಿಲ್ಲುತ್ತದೆ.

ಆ ವಾದಕ್ಕೆ ಸಾಕ್ಷಿ ಒಂದು ಒಣಗಿಸಿದ ಕೊಂಬೆ. ಹೂವೂ ಕಾಯಿಯೂ ಇರುವ ಕೊಂಬೆಯನ್ನು ಕತ್ತರಿಸಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ತೇವ ಹೋಗುವವರೆಗೆ ಹಾಳೆ ಬದಲಾಯಿಸಿ, ದಪ್ಪ ಕಾಗದಕ್ಕೆ ಹೊಲಿಯುತ್ತಾರೆ. ಕೆಳಮೂಲೆಯ ಚೀಟಿಯಲ್ಲಿ ಊರು, ತಾರೀಕು, ಎತ್ತರ, ಮಣ್ಣು ಬರೆಯುತ್ತಾರೆ. ಒಣಗಿದ ಮೇಲೆ ಹಾರಿಹೋಗುವ ಹೂವಿನ ಬಣ್ಣ, ವಾಸನೆ, ಗಿಡದ ಎತ್ತರ ಇವನ್ನೂ ಬರೆಯುತ್ತಾರೆ. ಹೊಸ ಹೆಸರನ್ನು ಪ್ರಕಟಿಸುವವರು ಇಂಥ ಒಂದು ಹಾಳೆಯನ್ನು ಆ ಹೆಸರಿನ ಮೂಲ ಮಾದರಿ ಎಂದು ಗುರುತಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಹೇಳಬೇಕು. 1958ರಿಂದ ಈಚೆಗೆ ಮೂಲ ಮಾದರಿ ತೋರಿಸದ ಹೊಸ ಹೆಸರಿಗೆ ಮಾನ್ಯತೆಯಿಲ್ಲ. 1935ರಿಂದ 2011ರವರೆಗೆ ಲ್ಯಾಟಿನ್ ವಿವರಣೆ ಕಡ್ಡಾಯವಿತ್ತು. 2012ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ಎರಡರಲ್ಲಿ ಒಂದು ಸಾಕು. ಹೆಸರನ್ನು ಮಾತ್ರ ಯಾವ ನೆಲದಿಂದಲಾದರೂ ತರಬಹುದು. ಅಣಶಿಯಲ್ಲಿ ಸಿಕ್ಕ ಒಂದು ಪುಟ್ಟ ಸಸ್ಯಕ್ಕೆ ಎರಿಯೋಕಾಲಾನ್ ಅಣಶಿಯೆನ್ಸ್ ಎಂದು ಹೆಸರಿಟ್ಟಾಗ ಜೋಯಿಡಾದ ಒಂದು ಊರು ಜಗತ್ತಿನ ಸಸ್ಯಪಟ್ಟಿಯಲ್ಲಿ ಶಾಶ್ವತವಾಯಿತು. ನಾನು ಗಡಿಕಲ್ಲು ಎಂದದ್ದು ಆ ಮೂಲ ಮಾದರಿಯ ಹಾಳೆಯನ್ನು. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಹೆಸರಿಟ್ಟವರ ಮಾತನ್ನು ನಂಬಬೇಕಾಗಿಲ್ಲ. ಹಾಳೆ ತೆಗೆಸಿ ನೋಡಿದರಾಯಿತು.

ಈಗ ಹುಲಿಗಂಜಿಯ ಕಥೆಗೆ ಬರೋಣ. ನಿಕೋಲ್ ಅಲೆಕ್ಸಾಂಡರ್ ಡಾಲ್ಝೆಲ್ ಎಂಬ ಸ್ಕಾಟ್ಲೆಂಡಿನವರು 1841ರಲ್ಲಿ ಮುಂಬಯಿಗೆ ಬಂದು ಸುಂಕದ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವರು. ಮುಂದೆ ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಅಲೆಕ್ಸಾಂಡರ್ ಗಿಬ್ಸನ್ ಜೊತೆ ಸೇರಿ 1861ರಲ್ಲಿ ಆ ಪ್ರಾಂತ್ಯದ ಸಸ್ಯಗಳ ಮೊದಲ ದೊಡ್ಡ ಗ್ರಂಥ ಬರೆದರು. ಈ ಗಿಡ ಪರಿಚಿತವಾದ ಯಾವ ಕುಲಕ್ಕೂ ಸೇರದು ಎಂದು ಕಂಡಾಗ 1851ರಲ್ಲಿ ಅವರು ಹೊಸ ಕುಲವನ್ನೇ ಕಟ್ಟಿದರು. ಅದಕ್ಕೆ ಗ್ರೀಕ್ ಪದ ಹುಡುಕದೆ, ಜನ ಕರೆಯುತ್ತಿದ್ದ ಮರಾಠಿ ಹೆಸರನ್ನೇ ತೆಗೆದುಕೊಂಡು ವಾಗಾಟಿಯ ಎಂದರು. ತೆನೆಯಂಥ ಹೂಗೊಂಚಲಿನಿಂದ ಸ್ಪೈಕೇಟ ಎಂಬ ಪ್ರಭೇದದ ಹೆಸರು ಬಂತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ನಮ್ಮ ಕಾಡಿನ ಸಸ್ಯಗಳೂ ಮುಂಬಯಿಯ ಗ್ರಂಥಗಳೊಳಗೆ ಬಂದವು. ಥಿಯೋಡರ್ ಕುಕ್ 1901ರಿಂದ 1908ರವರೆಗೆ ಹೊರತಂದ ಗ್ರಂಥದಲ್ಲಿ, ಈ ಜಿಲ್ಲೆಯ ಕಾಡುಗಳನ್ನು ಚೆನ್ನಾಗಿ ಬಲ್ಲ ಅರಣ್ಯಾಧಿಕಾರಿ ಡಬ್ಲ್ಯೂ. ಎ. ಟಾಲ್ಬಟ್ 1909 ಮತ್ತು 1911ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಇದು ವಾಗಾಟಿಯವೇ. ಆದರೆ ಫ್ರಾನ್ಸಿನ ಅದಾನ್ಸನ್ 1763ರಲ್ಲೇ ಮೌಲ್ಲಾವ ಎಂಬ ಕುಲದ ಹೆಸರನ್ನು ಪ್ರಕಟಿಸಿದ್ದರು. ಮೊದಲು ಪ್ರಕಟವಾದ ಹೆಸರಿಗೆ ಮೊದಲ ಹಕ್ಕು ಎಂಬುದು ನಿಯಮ. ಹಾಸನ ಜಿಲ್ಲೆಯ ಸಸ್ಯಗ್ರಂಥವನ್ನು 1976ರಲ್ಲಿ ಸೆಸಿಲ್ ಸಲ್ಡಾನ ಅವರೊಂದಿಗೆ ಸಂಪಾದಿಸಿದ ಡ್ಯಾನ್ ನಿಕೋಲ್ಸನ್, ಈ ಗಿಡಕ್ಕೆ ಸಲ್ಲಬೇಕಾದ ಹೆಸರು ಮೌಲ್ಲಾವ ಸ್ಪೈಕೇಟ ಎಂದು ಸರಿಪಡಿಸಿದರು. ಗಮನಿಸಿ, ಇಲ್ಲಿ ಬದಲಾದದ್ದು ಉತಾರದ ಹೆಸರು. ಡಾಲ್ಝೆಲ್ ಬರೆದ ವಿವರಣೆಯ ಒಂದು ಮಾತೂ ಸುಳ್ಳಾಗಲಿಲ್ಲ. ಅವರ ಗಿಡ ಯಾವುದು ಎಂಬ ಬಗ್ಗೆ ಯಾರಿಗೂ ಗೊಂದಲವಾಗಲಿಲ್ಲ.

ಆಮೇಲಿನ ಬದಲಾವಣೆ ಬೇರೆ ತರಹದ್ದು. 2016ರಲ್ಲಿ ಎಡಲಿನ್ ಗಾನ್ಯೋನ್ ಮತ್ತು ಸಂಗಡಿಗರು ಸೀಸಾಲ್ಪಿನಿಯ ಎಂಬ ದೊಡ್ಡ ಗುಂಪಿನ ಸಸ್ಯಗಳ ಡಿಎನ್ಎಯನ್ನು ಹೋಲಿಸಿ, ಅದನ್ನು 26 ಕುಲಗಳಾಗಿ ಮರುಜೋಡಿಸಿದರು. ಅಲ್ಲಿಯವರೆಗೆ ಕುಲದಲ್ಲಿ ಒಂಟಿಯಾಗಿದ್ದ ಹುಲಿಗಂಜಿಗೆ ಮೂವರು ಬಂಧುಗಳು ಸಿಕ್ಕರು. ಇಬ್ಬರು ಏಷ್ಯಾದವರು, ಒಬ್ಬರು ಆಫ್ರಿಕದವರು. ಅದೇ ಅಧ್ಯಯನದಲ್ಲಿ ನಮ್ಮ ಗಜ್ಜುಗಕ್ಕೂ ನ್ಯಾಯ ಸಿಕ್ಕಿತು. ಮೈತುಂಬ ಮುಳ್ಳಿನ ಕಾಯಿ, ಒಳಗೆ ಗೋಲಿಯಂಥ ಬೂದು ಬೀಜವಿರುವ ಈ ಪೊದೆಯನ್ನು ಲಿನೇಯಸ್ 1753ರಲ್ಲಿ ಗಿಲಾಂಡಿನ ಎಂಬ ಕುಲದಲ್ಲಿಟ್ಟಿದ್ದ. ಮುಂದೆ ರಾಕ್ಸ್‌ಬರ್ಗ್ ಅದನ್ನು ಸೀಸಾಲ್ಪಿನಿಯಕ್ಕೆ ಸೇರಿಸಿದರು. ಬಹುಕಾಲ ಪಠ್ಯಪುಸ್ತಕಗಳು ಹಾಗೆಯೇ ಹೇಳಿದವು. 2016ರಲ್ಲಿ ಅದು ಮತ್ತೆ ಗಿಲಾಂಡಿನವಾಯಿತು. ಎರಡೂವರೆ ಶತಮಾನ ಸುತ್ತಿ ಹೊರಟಲ್ಲಿಗೇ ಬಂದಿತಲ್ಲ ಎಂದು ಇದನ್ನು ತಳ್ಳಿಹಾಕಬಾರದು. ಲಿನೇಯಸ್ ಕಾಯಿ ಮತ್ತು ಹೂವಿನ ಲಕ್ಷಣದಿಂದ ಮಾಡಿದ ಊಹೆಗೆ ಈಗ ಅವನಿಗೆ ತಿಳಿದೇ ಇರದ ಬೇರೆಯದೇ ಸಾಕ್ಷ್ಯ ಸೇರಿತು. ಎರಡು ಬೇರೆ ದಾರಿಗಳು ಒಂದೇ ಊರಿಗೆ ತಲುಪಿದರೆ ಊರು ಅಲ್ಲಿದೆ ಎಂಬ ನಂಬಿಕೆ ಹೆಚ್ಚಬೇಕು, ಕಡಿಮೆಯಾಗಬಾರದು.

ಒಣನೆಲದ ಪೊದೆಗಳಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದ ಮರುಭೂಮಿಗಳ ಪೊದೆ. 1877ರ ಸುಮಾರಿಗೆ ಸೌದೆಗೆಂದು, ಒಣಭೂಮಿಯಲ್ಲಿ ಹಸಿರಿಗೆಂದು ಭಾರತಕ್ಕೆ ತರಿಸಿದ್ದು, ಈಗ ಬಯಲುಸೀಮೆಯ ಕೆರೆಯಂಗಳ, ಹಳ್ಳದ ದಂಡೆಗಳನ್ನೆಲ್ಲ ಆಕ್ರಮಿಸಿದೆ. ಅದರ ಸಿಹಿಕಾಯಿಯನ್ನು ಮೇಕೆ ತಿಂದು ಬೀಜವನ್ನು ಊರೂರಿಗೆ ಹರಡುತ್ತದೆ. ಸಸ್ಯಶಾಸ್ತ್ರ ಈ ಜಾಲಿಯನ್ನೂ, ದಸರೆಯಲ್ಲಿ ನಾವು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿಟ್ಟಿತ್ತು. 2022ರಲ್ಲಿ ಕಾಲಿನ್ ಹ್ಯೂಸ್ ಮತ್ತು ಸಂಗಡಿಗರು ಆ ಕುಲವನ್ನು ಒಡೆದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು. ಬಳ್ಳಾರಿ ಜಾಲಿ ನೆಲ್ಟುಮ ಆಯಿತು. ಡಿಎನ್ಎ ಓದಲು ಬಾರದವರೂ ಈ ವ್ಯತ್ಯಾಸವನ್ನು ಕಣ್ಣಲ್ಲೇ ನೋಡಬಹುದು. ಎರಡರ ಒಂದೊಂದು ಕೊಂಬೆಯನ್ನು ಹಿಡಿದು ಬುಡದಿಂದ ತುದಿಗೆ ಕಣ್ಣು ಹಾಯಿಸಿ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲೇ ಇರುತ್ತದೆ. ಬನ್ನಿಯ ಮುಳ್ಳು ಗಿಣ್ಣು ಗಿಣ್ಣಿನ ನಡುವಿನ ತೊಗಟೆಯ ಮೇಲೆ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಮುಳ್ಳು ಎಂದು ನಾವು ಒಂದೇ ಪದದಿಂದ ಕರೆದರೂ ಅವು ಹುಟ್ಟುವ ಜಾಗ ಬೇರೆ. ನಮ್ಮ ಜನ ಒಂದಕ್ಕೆ ಬನ್ನಿ, ಇನ್ನೊಂದಕ್ಕೆ ಜಾಲಿ ಎಂದು ಬೇರೆ ಬೇರೆ ಹೆಸರಿಟ್ಟು ಬಳಸಿಕೊಂಡು ಬಂದಿದ್ದಾರೆ. ಶಾಸ್ತ್ರ ಅಲ್ಲಿಗೆ ತನ್ನ ದಾರಿಯಿಂದ ತಲುಪಲು 2022 ಆಯಿತು.

ಈಗ ಆಕ್ಷೇಪಗಳು. ಮೊದಲನೆಯದು, ಹೆಸರು ಬದಲಾದಾಗಲೆಲ್ಲ ಫಾರೆಸ್ಟ್ ಗಾರ್ಡಿನಿಂದ ಕಾಲೇಜು ವಿದ್ಯಾರ್ಥಿಯವರೆಗೆ ಎಲ್ಲರಿಗೂ ತೊಂದರೆ ಎಂಬುದು. ಇದು ನಿಜವಾದ ಕಷ್ಟ. ಅದರಲ್ಲೂ ಅಕೇಶಿಯದ ವಿಷಯದಲ್ಲಿ ಆಕ್ಷೇಪಕ್ಕೆ ಬಲವಿದೆ. ಆ ಕುಲವನ್ನು ಒಡೆಯಬೇಕಾಯಿತು. ಯಾವ ತುಂಡಿಗೆ ಹಳೆಯ ಹೆಸರು ಉಳಿಯಬೇಕು ಎಂಬ ಚರ್ಚೆಯಲ್ಲಿ 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನ ಗಡಿಕಲ್ಲನ್ನೇ ಆಸ್ಟ್ರೇಲಿಯದ ಪ್ರಭೇದಕ್ಕೆ ವರ್ಗಾಯಿಸಿತು. 2011ರ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ಆ ಭಾಗದಲ್ಲಿ ಸಾವಿರದಷ್ಟು ಪ್ರಭೇದಗಳಿದ್ದವು ಎಂಬುದು ಕಾರಣ. ಹೀಗೆ ತೋಪುಗಳಲ್ಲಿ ನೆಟ್ಟ ಪರದೇಶದ ಮರ ಅಕೇಶಿಯವಾಗಿ ಉಳಿಯಿತು. ನಮ್ಮ ಹೊಲದ ಬದುವಿನ ಕರಿಜಾಲಿ ವ್ಯಾಕೆಲಿಯ ಆಯಿತು. ಇದು ತಿಳಿವಳಿಕೆ ಹೆಚ್ಚಿದ್ದರಿಂದ ಆದ ಬದಲಾವಣೆಯಲ್ಲ, ಮತದಾನದ ತೀರ್ಮಾನ. ಆಫ್ರಿಕ, ಏಷ್ಯಾಗಳ ಹಲವರು ನೊಂದದ್ದು ಸಹಜ. ಆದರೂ ಒಂದು ಮಾತನ್ನು ಬೇರ್ಪಡಿಸಿ ನೋಡಬೇಕು. ಕುಲ ಒಡೆದದ್ದು ಸರಿಯೇ ಎಂಬುದು ಸಾಕ್ಷ್ಯದ ಪ್ರಶ್ನೆ, ಹೆಸರು ಯಾರಿಗೆ ಎಂಬುದು ಅನುಕೂಲದ ಪ್ರಶ್ನೆ. ಎರಡನೆಯದರಲ್ಲಿ ಭಿನ್ನಾಭಿಪ್ರಾಯವಿದ್ದರೆ ಮೊದಲನೆಯದು ಸುಳ್ಳಾಗುವುದಿಲ್ಲ. ಆ ಜಗಳವೂ ಮುಚ್ಚಿದ ಕೋಣೆಯಲ್ಲಿ ನಡೆಯಲಿಲ್ಲ. ನಿಯಮ, ಮತ, ಕಾರಣ ಎಲ್ಲವೂ ಬರಹದಲ್ಲಿವೆ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು: ಈ ಕಾಡುಗಳಲ್ಲಿ ಬಾಳುವ ಕುಣಬಿಗಳು, ಗೌಳಿಗಳು, ಸಿದ್ದಿಗಳು ತಲೆಮಾರುಗಳಿಂದ ಬಲ್ಲ ಗಿಡವನ್ನು ಯಾರೋ ಬಂದು ಹೊಸದು ಎನ್ನುವುದು ಅಹಂಕಾರವಲ್ಲವೇ? ಹೊಸ ಪ್ರಭೇದವೆಂದರೆ ಹೊಸದಾಗಿ ಹುಟ್ಟಿದ್ದು ಎಂದಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೂ ಅಲ್ಲ. ಜಗತ್ತಿನ ಬೇರೆ ಗಿಡಗಳ ಜೊತೆ ಹೋಲಿಸಿ ಬರೆದ ದಾಖಲೆ ಹೊಸದು ಎಂದಷ್ಟೇ. ಒಂದು ಕಾಡನ್ನು ಬಲ್ಲವರಿಗೆ ಅಲ್ಲಿನ ಗಿಡದ ಗುಣ ಗೊತ್ತು. ಅದರ ಬಂಧು ಆಫ್ರಿಕದಲ್ಲಿದೆ ಎಂದು ತಿಳಿಯಲು ಎರಡೂ ಕಡೆಯ ಹಾಳೆಗಳು ಒಂದು ಮೇಜಿನ ಮೇಲೆ ಬರಬೇಕು. ಆದರೆ ಆಕ್ಷೇಪದಲ್ಲಿ ನ್ಯಾಯವಿರುವ ಭಾಗವನ್ನು ಒಪ್ಪಲೇಬೇಕು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ಮಲಬಾರಿನ ಸಸ್ಯಗ್ರಂಥ ಹಾರ್ಟಸ್ ಮಲಬಾರಿಕಸ್‌ನಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರ ಹೆಸರು ಮತ್ತು ಮಾತು ಅಚ್ಚಾಗಿವೆ. ವಾಗಾಟಿಯ ಎಂಬ ಪದವನ್ನು ಡಾಲ್ಝೆಲ್‌ಗೆ ಹೇಳಿಕೊಟ್ಟವರ ಹೆಸರು ಕುಲದ ಹೆಸರಿನೊಂದಿಗೆ ಉಳಿದುಬರಲಿಲ್ಲ. ಗಡಿಕಲ್ಲು ನೆಡುವಾಗ ಜಾಗ ತೋರಿಸಿದವರ ಹೆಸರೂ ಪಂಚನಾಮೆಯಲ್ಲಿ ಇರಬೇಕು. ಹಾಳೆಯ ಚೀಟಿಯಲ್ಲಿ ಗಿಡದ ಸ್ಥಳೀಯ ಹೆಸರು, ಹೇಳಿದವರು ಯಾರು ಎಂಬುದು ಅವರ ಒಪ್ಪಿಗೆಯೊಂದಿಗೆ ದಾಖಲಾಗಬೇಕು. ಅದು ದಯೆಯಲ್ಲ, ಸಾಕ್ಷ್ಯದ ಒಂದು ಭಾಗ.

ಮೂರನೆಯದು, ಡಿಎನ್ಎ ಬಂದ ಮೇಲೆ ಒಣಹಾಳೆಗಳೇಕೆ ಎಂಬ ಪ್ರಶ್ನೆ. ಡಿಎನ್ಎಯ ಅಕ್ಷರಸರಣಿ ತಾನಾಗಿ ಯಾವ ಗಿಡದ್ದೆಂದು ಹೇಳುವುದಿಲ್ಲ. ಇಂಥ ಗಿಡದಿಂದ ತೆಗೆದದ್ದು ಎನ್ನಲು ಆ ಗಿಡದ ಹಾಳೆ ಬೇಕು. ಹಳೆಯ ಹಾಳೆಯ ಎಲೆಚೂರಿನಿಂದಲೇ ಡಿಎನ್ಎ ತೆಗೆಯುವುದು ಇಂದು ಸಾಮಾನ್ಯ. ಸಂಗ್ರಹಿಸಿದವರು ಕನಸಿನಲ್ಲೂ ಎಣಿಸದ ಪ್ರಶ್ನೆಗೆ ಅವರ ಹಾಳೆ ಉತ್ತರ ಕೊಡುತ್ತಿದೆ. ನಾಲ್ಕನೆಯದು, ಕಾಡೇ ಕರಗುತ್ತಿರುವಾಗ ಹೆಸರಿನ ಚರ್ಚೆ ಯಾರಿಗೆ ಬೇಕು ಎಂಬುದು. ಬೀಟೆಯನ್ನು ನೋಡಿ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ರಾಷ್ಟ್ರಗಳು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧಕ್ಕೆ ಬೀಟೆ ಸೇರಿರುವ ಡಾಲ್ಬರ್ಜಿಯ ಕುಲವನ್ನು ಬಹುತೇಕ ಇಡಿಯಾಗಿ ಸೇರಿಸಿದವು. ಒಂದು ಮರ ಆ ಕುಲದ್ದೇ ಅಲ್ಲವೇ ಎಂಬ ಸಸ್ಯಶಾಸ್ತ್ರದ ತೀರ್ಮಾನ ಅಂದಿನಿಂದ ಬಂದರಿನ ಸುಂಕದ ಕಟ್ಟೆಯ ತೀರ್ಮಾನವೂ ಆಯಿತು. ಹೆಸರಿಲ್ಲದ್ದನ್ನು ಎಣಿಸಲಾಗದು, ಎಣಿಸದ್ದನ್ನು ಕಾನೂನು ಕಾಯದು. ವರ್ಗೀಕರಣದಿಂದಲೇ ಕಾಡು ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಉಳಿಸಬೇಕೆನ್ನುವವರ ಕೈಗೆ ಅದು ಮೊದಲ ಕಾಗದವನ್ನು ಕೊಡುತ್ತದೆ.

ಆದ್ದರಿಂದ ಈ ವೇದಿಕೆಯಿಂದ ಒಂದು ಸ್ಪಷ್ಟವಾದ ಕೋರಿಕೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನಗಳು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಗಿವೆ. ಅಣಶಿಯ ಸಸ್ಯಗಳ ಮೇಲೆ ಸಚಿನ್ ಪುಣೇಕರ್ ಮತ್ತು ಪಿ. ಲಕ್ಷ್ಮೀನರಸಿಂಹನ್ ಅವರ ಗ್ರಂಥ 2011ರಲ್ಲಿ ಬಂದಿದೆ. ಸಂರಕ್ಷಿತ ಕಾಡಿಗೆ ಸಿಕ್ಕ ಗಮನ ಹಳಿಯಾಳ, ಮುಂಡಗೋಡಗಳ ಬೇಲಿಸಾಲು, ಗೋಮಾಳ, ಕೆರೆಯಂಗಳ, ಒಣದಿಬ್ಬಗಳಿಗೂ ಸಿಗಬೇಕು. ದ್ವಿದಳ ಕುಟುಂಬದ ಪೊದೆಗಳು ಹೆಚ್ಚಾಗಿ ಇರುವುದು ಅಲ್ಲಿ. ಮೊದಲು ಸವರಿಹೋಗುವುದೂ ಅವೇ. ಪ್ರತಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ತನ್ನ ತಾಲೂಕಿನ ಗಿಡಗಳ ಹಾಳೆಗಳನ್ನು, ಕಾಡಿನೊಳಗಾದರೆ ಇಲಾಖೆಯ ಅನುಮತಿ ಪಡೆದು, ಹೂವಿನೊಂದಿಗೆ ಒಮ್ಮೆ, ಕಾಯಿಯೊಂದಿಗೆ ಒಮ್ಮೆ ಸಂಗ್ರಹಿಸಲಿ. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಕೇಂದ್ರದಂಥ ಕಡೆ ಸೇರಲಿ. ಚೀಟಿಯಲ್ಲಿ ಲ್ಯಾಟಿನ್ ಹೆಸರು ತಿಳಿಯದಿದ್ದರೆ ಆ ಜಾಗ ಖಾಲಿ ಇರಲಿ. ಊರು, ತಾರೀಕು, ಹೂವಿನ ಬಣ್ಣ, ಕನ್ನಡದ ಅಥವಾ ಕೊಂಕಣಿಯ ಹೆಸರು ಮಾತ್ರ ಖಾಲಿ ಬಿಡಬೇಡಿ. ಲ್ಯಾಟಿನ್ ಹೆಸರನ್ನು ನೂರು ವರ್ಷದ ನಂತರವೂ ಸೇರಿಸಬಹುದು, ತಿದ್ದಬಹುದು. ಇವತ್ತು ಈ ದಿಬ್ಬದ ಮೇಲೆ ಈ ಪೊದೆ ಕಿತ್ತಳೆ ಹೂ ಬಿಟ್ಟಿತ್ತು ಎಂಬುದನ್ನು ಇವತ್ತು ಬರೆಯದಿದ್ದರೆ ಇನ್ನೆಂದೂ ಬರೆಯಲಾಗದು.